ಮೊದಲು ಬೇಟ್ ತೂಗಿ, ಆಮೇಲೆ ರೀಲು ಕೊಳ್ಳಿ

ಗೇಣುದ್ದದ ರಬ್ಬರ್ ಮೀನು. ಕಣ್ಣು, ಈಜುರೆಕ್ಕೆ, ಪಕ್ಕೆಯ ಮೇಲಿನ ಗುಲಾಬಿ ಪಟ್ಟೆ ಎಲ್ಲವೂ ನಿಜವಾದ ಟ್ರೌಟ್ ಮೀನಿನ ಹಾಗೆಯೇ. ಕೈಗೆತ್ತಿಕೊಂಡಾಗಲೇ ಅದರ ಭಾರ ಗೊತ್ತಾಗುವುದು: ನೂರು ಗ್ರಾಂಗೂ ಮೇಲೆ. ಇದೇ ಸ್ವಿಮ್‌ಬೇಟ್. ನೀರಿನಲ್ಲಿ ಎಳೆದರೆ ಜೀವಂತ ಮೀನಿನಂತೆ ಬಾಲ ಆಡಿಸುತ್ತಾ ಈಜುವ ಕೃತಕ ಎರೆ.

ದೊಡ್ಡ ಸ್ವಿಮ್‌ಬೇಟ್‌ಗಳು ಹೆಸರು ಮಾಡಿದ್ದು ಕ್ಯಾಲಿಫೋರ್ನಿಯಾದ ಜಲಾಶಯಗಳಲ್ಲಿ. 1959ರಲ್ಲಿ ಫ್ಲೋರಿಡಾ ತಳಿಯ ಲಾರ್ಜ್‌ಮೌತ್ ಬಾಸ್ ಮೀನುಗಳನ್ನು ಸ್ಯಾನ್ ಡಿಯಾಗೊಗೆ ತಂದರು. ಜಲಾಶಯಗಳಿಗೆ ಬಿಡುವ ರೇನ್‌ಬೋ ಟ್ರೌಟ್‌ಗಳನ್ನು ನುಂಗಿ ಈ ಬಾಸ್‌ಗಳು ಕೊಬ್ಬಿದವು. 1991ರಲ್ಲಿ ಲಾಸ್ ಏಂಜಲೀಸ್ ಬಳಿಯ ಕಸ್ಟೇಕ್ ಜಲಾಶಯದಲ್ಲಿ ಸಿಕ್ಕ ಒಂದು ಬಾಸ್ 22 ಪೌಂಡ್ ತೂಗಿತು, ಅಂದರೆ ಹತ್ತಿರ ಹತ್ತಿರ 10 ಕೆ.ಜಿ. ಜಾರ್ಜಿಯಾದಲ್ಲಿ 1932ರಲ್ಲಿ ದಾಖಲಾದ ವಿಶ್ವದಾಖಲೆ 22 ಪೌಂಡ್ 4 ಔನ್ಸ್. ಕಸ್ಟೇಕ್‌ನ ಮೀನು ಅದಕ್ಕಿಂತ ತುಸುವೇ ಕಡಿಮೆ. ಟ್ರೌಟ್ ತಿಂದು ಬೆಳೆದ ಮೀನಿಗೆ ಟ್ರೌಟ್‌ನಂಥದ್ದೇ ಎರೆ ಬೇಕೆಂದು ಗಾಳಗಾರರು ಯೋಚಿಸಿದರು. ಎರೆ ದೊಡ್ಡದಾದಂತೆ ಅದನ್ನು ಎಸೆಯುವ ರೀಲೂ ಬದಲಾಗಬೇಕಾಯಿತು.

ಹೊಸಬರು ಎಡವುವುದು ಇಲ್ಲೇ. ಇರುವ ಚಿಕ್ಕ ರೀಲಿಗೆ ದೊಡ್ಡ ಬೇಟ್ ಕಟ್ಟಿಬಿಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಎಸೆದ ಅರೆಗಳಿಗೆಯಲ್ಲಿ, ದಾರ ಸುತ್ತಿಡುವ ಸ್ಪೂಲಿನ ಮೇಲೆ ಅದು ಸಿಕ್ಕುಸಿಕ್ಕಾಗಿ ಎದ್ದಿತು, ‘ಟಪ್’ ಎಂದು ಕಡಿಯಿತು. ಬೇಟ್ ಮಾತ್ರ ಗಾಳಿಯಲ್ಲಿ ಹಾರುತ್ತಲೇ ಹೋಗಿ, ಕೊಕ್ಕೆಗಳ ಸಮೇತ ನೀರಿನ ತಳ ಸೇರಿತು. ಹೋದ ದುಡ್ಡಿಗಿಂತ, ಆ ಕೊಕ್ಕೆಗಳು ಅಲ್ಲೇ ಉಳಿದವಲ್ಲ ಎಂಬ ಸಂಕಟ ದೊಡ್ಡದಾಗಿತ್ತು. ಆವತ್ತು ಕಲಿತ ಪಾಠವೇ ಈ ಲೇಖನದ ತಿರುಳು: ರೀಲಿನ ಆಯ್ಕೆ ಶುರುವಾಗಬೇಕಾದದ್ದು ಬೇಟ್‌ನ ತೂಕದಿಂದ.

ಹಂತ 1: ಅಡುಗೆಮನೆಯ ತಕ್ಕಡಿ ತನ್ನಿ

ಪೊಟ್ಟಣದ ಮೇಲಿನ ಅಂಕಿಯನ್ನಷ್ಟೇ ನಂಬಿ ಕೂರಬೇಡಿ. ಕೊಕ್ಕೆ, ಬಳೆ ಎಲ್ಲ ಸೇರಿಸಿ ಬೇಟನ್ನು ನೀವೇ ತೂಗಿ. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ. 3 ಔನ್ಸ್, ಅಂದರೆ 85 ಗ್ರಾಂವರೆಗಿನ ಬೇಟ್‌ಗೆ 200ರ ಅಳತೆಯ ಗಟ್ಟಿಮುಟ್ಟಾದ ಬೇಟ್‌ಕಾಸ್ಟಿಂಗ್ ರೀಲು ಸಾಕು. 3ರಿಂದ 6 ಔನ್ಸ್ (85–170 ಗ್ರಾಂ) ಆದರೆ 300ರ ಅಳತೆ ಬೇಕು. ಅದಕ್ಕೂ ಮೇಲಿನದಕ್ಕೆ 400ರ ಅಳತೆ ಅಥವಾ ದುಂಡನೆಯ ಲೋಹದ ರೀಲು ಸೂಕ್ತ.

ರೀಲಿನ ಅಳತೆಯ ಈ ಅಂಕಿಗಳು ಎಲ್ಲ ಕಂಪನಿಗಳಿಗೂ ಒಂದೇ ಅಲ್ಲ. ಒಬ್ಬರ 300 ಇನ್ನೊಬ್ಬರ 200ಕ್ಕೆ ಹತ್ತಿರವಿರಬಹುದು. ಹಾಗಾಗಿ ಅಂಕಿಯ ಜೊತೆಗೆ ಸ್ಪೂಲಿನ ಅಗಲ, ವ್ಯಾಸಗಳನ್ನೂ ಕಣ್ಣಾರೆ ನೋಡಿ. ಶಿಮಾನೊದ ಟ್ರಾಂಕ್ಸ್, ಡೈವಾದ ಲೆಕ್ಸಾ, ಆಬು ಗಾರ್ಸಿಯಾದ ರೆವೊ ಬೀಸ್ಟ್ ಈ ಕೆಲಸಕ್ಕೆ ಬಳಕೆಯಲ್ಲಿರುವ ಮಾದರಿಗಳು. ಅಂಗಡಿಯಲ್ಲಿ ಇವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಹಂತ 2: ದಾರ ಎಷ್ಟು ಹಿಡಿಸುತ್ತದೆ ಎಂದು ಲೆಕ್ಕ ಹಾಕಿ

ಭಾರದ ಬೇಟ್‌ಗೆ ದಪ್ಪ ದಾರ ಬೇಕು. ನೈಲಾನ್ ಅಥವಾ ಫ್ಲೋರೋಕಾರ್ಬನ್ ಆದರೆ 20–25 ಪೌಂಡ್, ಹೆಣೆದ ದಾರವಾದರೆ 65–80 ಪೌಂಡ್ ತಾಳುವಂಥದ್ದು ಸಾಮಾನ್ಯ ಬಳಕೆ. ದಾರ ದಪ್ಪವಾದಷ್ಟೂ ಸ್ಪೂಲಿನಲ್ಲಿ ಹಿಡಿಸುವ ಉದ್ದ ಕಡಿಮೆ. ಅದೂ ನಾವೆಣಿಸುವುದಕ್ಕಿಂತ ಬೇಗ ಇಳಿಯುತ್ತದೆ, ಏಕೆಂದರೆ ಲೆಕ್ಕ ದಪ್ಪದ ವರ್ಗದ ಮೇಲೆ ನಡೆಯುತ್ತದೆ. ಉದಾಹರಣೆಗೆ, 0.35 ಮಿ.ಮೀ. ದಾರ 120 ಮೀಟರ್ ಹಿಡಿಸುವ ಸ್ಪೂಲಿನಲ್ಲಿ 0.45 ಮಿ.ಮೀ. ದಾರ ಸುಮಾರು 73 ಮೀಟರ್ ಮಾತ್ರ ಹಿಡಿಸುತ್ತದೆ.

40 ಮೀಟರ್ ಎಸೆದು, ಮೀನು ಇನ್ನಷ್ಟು ಎಳೆದುಕೊಂಡು ಹೋದರೆ ಉಳಿಯುವುದೆಷ್ಟು? ಸವೆದ ತುದಿಯನ್ನು ಆಗಾಗ ಕತ್ತರಿಸಿ ಹಾಕಬೇಕಾಗುತ್ತದೆ, ಅದೂ ಲೆಕ್ಕದಲ್ಲಿರಲಿ. ನೀವು ಬಳಸುವ ದಪ್ಪದ ದಾರ 100 ಮೀಟರ್ ಹಿಡಿಸುವಂಥ ರೀಲು ತೆಗೆದುಕೊಂಡರೆ ನಿಶ್ಚಿಂತೆ. ತುಂಬಿದ ಸ್ಪೂಲಿಗೆ ಇನ್ನೊಂದು ಲಾಭವಿದೆ: ಸುತ್ತಳತೆ ದೊಡ್ಡದಿರುವುದರಿಂದ ಅದೇ ದೂರಕ್ಕೆ ಸ್ಪೂಲು ಕಡಿಮೆ ಸುತ್ತು ತಿರುಗಿದರೆ ಸಾಕು, ಎಸೆತ ಹಿಡಿತದಲ್ಲಿರುತ್ತದೆ.

ಹಂತ 3: ಗೇರ್ ಅನುಪಾತವನ್ನು ಸೆಂಟಿಮೀಟರಿಗೆ ಇಳಿಸಿ

ಡಬ್ಬದ ಮೇಲೆ 5.8:1, 7.6:1 ಎಂದು ಬರೆದಿರುತ್ತದೆ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸ್ಪೂಲು ಅಷ್ಟು ಸುತ್ತು ತಿರುಗುತ್ತದೆ ಎಂದರ್ಥ. ನಮಗೆ ಬೇಕಾದದ್ದು ಒಂದು ಸುತ್ತಿಗೆ ಎಷ್ಟು ದಾರ ಒಳಗೆ ಬರುತ್ತದೆ ಎಂಬುದು. 38 ಮಿ.ಮೀ. ವ್ಯಾಸದ ತುಂಬಿದ ಸ್ಪೂಲಿನ ಸುತ್ತಳತೆ ಸುಮಾರು 12 ಸೆಂ.ಮೀ. ಅನುಪಾತ 5.8 ಆದರೆ ಸುತ್ತಿಗೆ ಹೆಚ್ಚುಕಡಿಮೆ 69 ಸೆಂ.ಮೀ., 7.6 ಆದರೆ 91 ಸೆಂ.ಮೀ. ದಾರ ಬರುತ್ತದೆ.

ತಳದ ಹತ್ತಿರ ನಿಧಾನಕ್ಕೆ ತೆವಳಿಸುವ ಮೆತ್ತನೆಯ ಬೇಟ್‌ಗೆ ಕಡಿಮೆ ಅನುಪಾತ ಒಳ್ಳೆಯದು. ತಿರುಗಿಸಲು ಹಗುರ, ಭಾರ ಎಳೆಯುವ ಬಲ ಹೆಚ್ಚು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುವ ಗ್ಲೈಡ್ ಬೇಟ್‌ಗೆ ಹೆಚ್ಚಿನ ಅನುಪಾತವೇ ಬೇಕು. ಬೇಟ್ ಪ್ರತಿ ಸಲ ಜಾರಿದಾಗಲೂ ಸಡಿಲಾದ ದಾರವನ್ನು ಬೇಗ ಸುತ್ತಿಕೊಳ್ಳಬೇಕು. ಮೀನು ದೋಣಿಯ ಕಡೆಗೇ ನುಗ್ಗಿ ಬಂದಾಗ ಕೈಹಿಡಿಯುವುದೂ ಈ ವೇಗವೇ. ಒಂದೇ ರೀಲು ಕೊಳ್ಳುವವರು 6ರಿಂದ 7ರ ನಡುವಿನ ಅನುಪಾತ ನೋಡಿಕೊಂಡರೆ ಎರಡೂ ಕೆಲಸಕ್ಕೆ ಆಗುತ್ತದೆ.

ಹಂತ 4: ಬ್ರೇಕ್ ಮತ್ತು ಡ್ರ್ಯಾಗ್ ಬೇರೆ ಬೇರೆ ಎಂದು ತಿಳಿಯಿರಿ

ಬ್ರೇಕ್ ಇರುವುದು ಎಸೆತಕ್ಕೆ. ಬೇಟ್ ಗಾಳಿಯಲ್ಲಿ ನಿಧಾನವಾದಾಗಲೂ ಸ್ಪೂಲು ಅದೇ ವೇಗದಲ್ಲಿ ತಿರುಗುತ್ತಿದ್ದರೆ ದಾರ ಸಿಕ್ಕಾಗುತ್ತದೆ. ಅದನ್ನು ತಡೆಯಲು ಕೆಲವು ರೀಲುಗಳಲ್ಲಿ ಆಯಸ್ಕಾಂತವಿದೆ, ಕೆಲವುಗಳಲ್ಲಿ ತಿರುಗುವ ವೇಗಕ್ಕೆ ಹೊರಚಾಚಿ ಉಜ್ಜುವ ಪುಟ್ಟ ತುಂಡುಗಳಿವೆ. ಎರಡೂ ಒಳ್ಳೆಯವೇ. ಹೊರಗಿನಿಂದಲೇ ತಿರುಗಿಸಿ ಹೊಂದಿಸಿಕೊಳ್ಳುವ ಸೌಲಭ್ಯವಿದ್ದರೆ ಹೊಸಬರಿಗೆ ಅನುಕೂಲ.

ಡ್ರ್ಯಾಗ್ ಇರುವುದು ಮೀನಿಗೆ. ಮೀನು ಜೋರಾಗಿ ಎಳೆದಾಗ ದಾರ ಕಡಿಯುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುವ ಹಿಡಿತ ಅದು. ಡಬ್ಬದ ಮೇಲಿನ ಗರಿಷ್ಠ ಅಂಕಿಗೆ ಮರುಳಾಗಬೇಡಿ. 25 ಪೌಂಡ್, ಅಂದರೆ ಸುಮಾರು 11 ಕೆ.ಜಿ. ತಾಳುವ ದಾರಕ್ಕೆ ಡ್ರ್ಯಾಗನ್ನು ಅದರ ಕಾಲು ಭಾಗ, ಸುಮಾರು 3 ಕೆ.ಜಿ.ಗೆ ಹೊಂದಿಸುವುದು ಒಳ್ಳೆಯ ಆರಂಭ. ಎಷ್ಟು ಬಿಗಿ ಎನ್ನುವುದಕ್ಕಿಂತ, ತಡವರಿಸದೆ ಒಂದೇ ಸಮನೆ ಬಿಡುತ್ತದೆಯೇ ಎನ್ನುವುದೇ ಮುಖ್ಯ.

ಹಂತ 5: ಅಂಗೈಯನ್ನು ಕೇಳಿ

ದಿನಕ್ಕೆ ನೂರಾರು ಸಲ ಎಸೆದು ಸುತ್ತುವ ಕೆಲಸ ಇದು. ಹಿಡಿ ಉದ್ದವಾಗಿದ್ದು, ಅದರ ಗುಬಟು ಬೆರಳುಗಳ ತುಂಬ ಸಿಕ್ಕರೆ ನೀರಿನ ಎಳೆತ ಮಣಿಕಟ್ಟಿಗೆ ಭಾರವಾಗದು. ರೀಲನ್ನು ನಿಮ್ಮದೇ ಗಾಳದ ಕೋಲಿಗೆ ಕೂರಿಸಿ, ಅಂಗೈಯಲ್ಲಿ ಅಪ್ಪಿ ಹಿಡಿದು ನೋಡಿ. ಹೆಬ್ಬೆರಳು ಸ್ಪೂಲಿನ ಮೇಲೆ ಸಲೀಸಾಗಿ ಕೂರಬೇಕು. ಕೂರದಿದ್ದರೆ ಆ ರೀಲು ಎಷ್ಟೇ ಒಳ್ಳೆಯದಿದ್ದರೂ ನಿಮ್ಮದಲ್ಲ. ಈ ಬಗೆಯ ರೀಲಿನ ಹಿಡಿಯನ್ನು ಆಮೇಲೆ ಬದಿ ಬದಲಿಸಲು ಆಗದು. ಎಡಗೈಯೋ ಬಲಗೈಯೋ ಮೊದಲೇ ನಿರ್ಧರಿಸಿ.

ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಹಿಡಿಯನ್ನು ಹಿಂದಕ್ಕೆ ತಿರುಗಿಸಿ. ಅದು ಚೂರೂ ಆಡದೆ ತಕ್ಷಣ ನಿಲ್ಲಬೇಕು. ಸ್ಪೂಲನ್ನು ಬಿಡಿಸಿ ಬೆರಳಲ್ಲಿ ತಿರುಗಿಸಿ. ಸದ್ದು, ಅದುರು ಇರಬಾರದು. ಡ್ರ್ಯಾಗ್ ಬಿಗಿ ಮಾಡಿ ದಾರವನ್ನು ಕೈಯಲ್ಲಿ ಎಳೆಯಿರಿ. ಚೌಕಟ್ಟು ಬಾಗುತ್ತಿದೆ ಅನಿಸಿದರೆ ಕೆಳಗಿಟ್ಟುಬಿಡಿ.

ಮೊದಲ ದಿನದ ಎಸೆತ

2ರಿಂದ 8 ಔನ್ಸ್‌ವರೆಗೆ ತಾಳುವ, ಏಳೂವರೆಯಿಂದ ಎಂಟು ಅಡಿಯ ಕೋಲಿರಲಿ. ಬೇಟ್ ಕಟ್ಟಿ, ಸ್ಪೂಲಿನ ಪಕ್ಕದ ತಿರುಪನ್ನು ಬಿಗಿ ಮಾಡಿ, ಬೇಟ್ ತಾನಾಗಿ ನಿಧಾನಕ್ಕೆ ಕೆಳಗಿಳಿಯುವಷ್ಟು ಸಡಿಲಿಸಿ. ಬ್ರೇಕನ್ನು ಹೆಚ್ಚಿಟ್ಟೇ ಶುರುಮಾಡಿ. ಕೋಲನ್ನು ಝಾಡಿಸಬೇಡಿ. ಬೇಟನ್ನು ಹಿಂದೆ ಇಳಿಬಿಟ್ಟು, ಅದರ ಭಾರ ಕೋಲನ್ನು ಬಗ್ಗಿಸಿದ ಮೇಲೆ ಎರಡೂ ಕೈಯಿಂದ ಒಂದೇ ಸಮನೆ ತೂಗಿ ಬಿಡಿ. ಬೇಟ್ ನೀರು ಮುಟ್ಟುವ ಮುನ್ನ ಹೆಬ್ಬೆರಳು ಸ್ಪೂಲಿನ ಮೇಲಿರಲಿ. ಹತ್ತಿಪ್ಪತ್ತು ಎಸೆತದ ನಂತರ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬನ್ನಿ.

ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಸರೋವರ ಅಥವಾ ಅಲ್ಲಿನ ನದಿಮುಖಜ ಡೆಲ್ಟಾ ಕಡೆ ಹೊರಡುವ ಕನ್ನಡಿಗರು ನೆನಪಿಡಿ: 16 ವರ್ಷ ತುಂಬಿದವರಿಗೆ ಅಲ್ಲಿ ಮೀನುಗಾರಿಕೆ ಪರವಾನಗಿ ಕಡ್ಡಾಯ. ರಜೆಗೆ ಊರಿಗೆ ಬರುವಾಗ ಈ ಸಲಕರಣೆಯನ್ನು ಕಾವೇರಿಯ ಮೇಲೆ ಪ್ರಯೋಗಿಸುವ ಯೋಚನೆ ಬೇಡ. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗಿದ ಮಹಶೀರ್ ಮೀನು ಕಂಡ ನಾಡು ನಮ್ಮದು. ಇಂದು ಕಾವೇರಿ ಕಣಿವೆಯ ಆ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಅದನ್ನು ಅದರ ಪಾಡಿಗೆ ಬಿಡೋಣ.

ತೂಕಕ್ಕೆ ತಕ್ಕ ರೀಲಿದ್ದರೆ ದೊಡ್ಡ ಬಾಸನ್ನು ಹೊತ್ತುಗಟ್ಟಲೆ ಆಡಿಸಿ ದಣಿಸಬೇಕಾಗಿಲ್ಲ. ಬೇಗ ದಡಕ್ಕೆ ತಂದು, ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟರೆ ಅದು ಬಾಲ ಬಡಿದು ಆಳಕ್ಕೆ ಹೊರಟುಹೋಗುತ್ತದೆ. ನಮ್ಮ ಬೇಟ್ ನಮ್ಮ ದಾರದ ತುದಿಯಲ್ಲೇ ಉಳಿಯುತ್ತದೆ, ಕೆರೆಯ ತಳದಲ್ಲಲ್ಲ.