ಜೀವರಸಾಯನ ಶಾಸ್ತ್ರದ ವ್ಯಾಸಂಗ

ಜೋಳದ ರೊಟ್ಟಿಯ ಒಂದು ತುಣುಕನ್ನು ಬಾಯಲ್ಲಿಟ್ಟು, ಪಲ್ಯವನ್ನಾಗಲಿ ಚಟ್ನಿಯನ್ನಾಗಲಿ ಹಚ್ಚಿಕೊಳ್ಳದೆ, ಮೆಲ್ಲಮೆಲ್ಲನೆ ಅಗಿಯುತ್ತ ಹೋದರೆ ಸ್ವಲ್ಪ ಹೊತ್ತಿನಲ್ಲಿ ಅದು ಸಿಹಿಯಾಗತೊಡಗುವುದು. ರೊಟ್ಟಿಯ ಹಿಟ್ಟಿಗೆ ಯಾರೂ ಸಕ್ಕರೆ ಬೆರೆಸಿರಲಿಲ್ಲ. ಹಾಗಾದರೆ ಈ ಸಿಹಿ ಎಲ್ಲಿಂದ ಬಂದಿತು? ರಾತ್ರಿ ಹಾಲಿಗೆ ಹಾಕಿದ ಒಂದು ಚಮಚ ಹೆಪ್ಪು ಬೆಳಗಾಗುವಷ್ಟರಲ್ಲಿ ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುವುದು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದು; ನೀರಿನಲ್ಲಿ ಮುಳುಗಿಸಿಟ್ಟರೆ ಅಷ್ಟು ಬೇಗ ಕಪ್ಪಾಗದು. ಇವನ್ನೆಲ್ಲ ನಮ್ಮ ತಾಯಂದಿರೂ ಅಜ್ಜಿಯರೂ ಬಲ್ಲರು. ಆದರೆ ಹೀಗೇಕೆ ಆಗುವುದೆಂಬ ಪ್ರಶ್ನೆಗೆ ಉತ್ತರವನ್ನು ಅರಸುವ ಶಾಸ್ತ್ರವೊಂದುಂಟು. ಅದೇ ಜೀವರಸಾಯನ ಶಾಸ್ತ್ರ.

ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಕನ್ನಡದಲ್ಲಿಯೇ ಹತ್ತನೆಯ ಇಯತ್ತೆಯನ್ನು ಮುಗಿಸಿ, ಮುಂದೆ ಬಿ.ಎಸ್ಸಿ. ತರಗತಿಯಲ್ಲಿ ಈ ಶಾಸ್ತ್ರವನ್ನು ಆರಿಸಿಕೊಂಡ ಹಳೆಯ ವಿದ್ಯಾರ್ಥಿಗಳು ನಾವು. ಕನ್ನಡ ಶಾಲೆಯಲ್ಲಿ ಕಲಿತವರು ಇಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನು ಓದಿ ದಡ ಸೇರಬಲ್ಲರೆ ಎಂಬ ಶಂಕೆ ನಮ್ಮ ಮನೆಯವರಿಗೂ ಇತ್ತು, ನಮಗೂ ಇತ್ತು. ಅದೇ ಶಂಕೆ ಇಂದು ನಿಮ್ಮಲ್ಲಿಯೂ ಕೆಲವರಿಗೆ ಇರಬಹುದು. ಆದುದರಿಂದ ಈ ವಿಷಯದ ಸ್ವರೂಪವನ್ನೂ ನಮ್ಮ ಅನುಭವವನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಶಾಸ್ತ್ರದ ಸ್ವರೂಪ

ಜೀವಿಗಳ ಶರೀರದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಅಭ್ಯಸಿಸುವುದೇ ಜೀವರಸಾಯನ ಶಾಸ್ತ್ರ. ಜೀವಿಗಳಲ್ಲಿರುವ ದ್ರವ್ಯಗಳು ಯಾವುದೋ ವಿಶೇಷವಾದ ಪ್ರಾಣಶಕ್ತಿಯಿಂದಲೇ ಉಂಟಾಗತಕ್ಕವು, ಅವನ್ನು ಮನುಷ್ಯನು ತಯಾರಿಸಲಾರನು ಎಂದು ಹಿಂದೆ ಅನೇಕ ಪಂಡಿತರು ನಂಬಿದ್ದರು. 1828ರಲ್ಲಿ ಜರ್ಮನಿಯ ವೋಲರ್ ಎಂಬ ವಿಜ್ಞಾನಿಯು ಮೂತ್ರದಲ್ಲಿರುವ ಯೂರಿಯವನ್ನು ನಿರ್ಜೀವ ಲವಣದಿಂದ ತಯಾರಿಸಿ ತೋರಿಸಿದನು. ಆ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಅದು. 1897ರಲ್ಲಿ ಬುಕ್ನರ್ ಎಂಬವನು ಈಸ್ಟ್ ಕೋಶಗಳನ್ನು ಅರೆದು ಹಿಂಡಿದ ರಸವು, ಅದರಲ್ಲಿ ಜೀವಂತ ಕೋಶ ಒಂದೂ ಇಲ್ಲದಿದ್ದರೂ, ಸಕ್ಕರೆಯನ್ನು ಹುಳಿಸಿ ಮದ್ಯಸಾರವನ್ನಾಗಿ ಮಾಡುವುದೆಂದು ಕಂಡುಹಿಡಿದನು. ಇದಕ್ಕಾಗಿ ಅವನಿಗೆ 1907ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕೋಶದ ರಸದಲ್ಲಿದ್ದು ಈ ಕೆಲಸ ಮಾಡುವ ವಸ್ತುವಿಗೆ ಕಿಣ್ವವೆಂದು ಹೆಸರು. ಎರಡು ಮನೆತನಗಳ ನಡುವೆ ಮದುವೆ ಕುದುರಿಸುವ ಹಿರಿಯರಿರುವರಷ್ಟೆ? ಸಂಬಂಧ ಕೂಡುವುದು ಅವರಿಂದ. ಆದರೆ ಕೆಲಸ ಮುಗಿದ ಮೇಲೆ ಅವರು ಇದ್ದಂತೆಯೇ ಇದ್ದು ಮುಂದಿನ ಮನೆಗೆ ನಡೆಯುವರು. ಕಿಣ್ವವೂ ಹಾಗೆಯೇ. ಕ್ರಿಯೆಯನ್ನು ಬಹಳ ವೇಗದಿಂದ ನಡೆಸಿಕೊಡುವುದು, ಆದರೆ ತಾನು ಖರ್ಚಾಗದು. ಮೇಲಾಗಿ ಒಂದೊಂದು ಕಿಣ್ವಕ್ಕೂ ಅದರದೇ ಕೆಲಸ ಉಂಟು. ಒಂದು ಕೀಲಿಯ ಕೈ ಮತ್ತೊಂದು ಕೀಲಿಗೆ ಹೊಂದದು. ಬಾಯಿಯ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ರೊಟ್ಟಿಯ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆಯನ್ನು ಉಂಟುಮಾಡುವುದು. ನೀವು ಕಂಡ ಸಿಹಿಯ ಗುಟ್ಟು ಇದು.

ಕಿಣ್ವವೆಂದರೆ ಎಂತಹ ವಸ್ತು ಎಂಬುದು ಬಹುಕಾಲ ತಿಳಿದಿರಲಿಲ್ಲ. ಅಮೆರಿಕೆಯ ಸಮ್ನರ್ ಎಂಬ ವಿಜ್ಞಾನಿಯು 1926ರಲ್ಲಿ ಯೂರಿಯೇಸ್ ಎಂಬ ಕಿಣ್ವವನ್ನು ಒಂದು ಜಾತಿಯ ದ್ವಿದಳ ಕಾಳಿನಿಂದ ಬೇರ್ಪಡಿಸಿ, ಹರಳುಗಟ್ಟಿಸಿ, ಅದು ಪ್ರೋಟೀನೇ ಎಂದು ತೋರಿಸಿದನು. ಬಾಲ್ಯದಲ್ಲಿ ಬೇಟೆಯ ಅಪಘಾತದಿಂದ ಅವನು ಎಡಗೈಯನ್ನು ಕಳೆದುಕೊಂಡಿದ್ದನು. ಅವನು ಎಡಚನಾಗಿದ್ದುದರಿಂದ ಬರೆಯುವುದನ್ನೂ ಕೆಲಸಮಾಡುವುದನ್ನೂ ಬಲಗೈಗೆ ಹೊಸದಾಗಿ ಕಲಿಸಬೇಕಾಯಿತು. ಒಂದು ಕೈಯವನಿಗೆ ರಸಾಯನವು ತಕ್ಕುದಲ್ಲವೆಂದು ಹಿರಿಯರು ಹೇಳಿದರೂ ಅವನು ಬಿಡಲಿಲ್ಲ. ಆ ಹರಳುಗಳಿಗಾಗಿ ಅವನು ದುಡಿದುದು 9 ವರ್ಷ. ಅವು ನಿಜವೆಂದು ಇತರರು ಒಪ್ಪಲು ಮತ್ತೆ ಕೆಲವು ವರ್ಷಗಳೇ ಬೇಕಾದವು. 1946ರಲ್ಲಿ ಅವನಿಗೂ ನೊಬೆಲ್ ಪಾರಿತೋಷಕದ ಪಾಲು ಸಂದಿತು.

ದೊಡ್ಡ ವಿಶ್ವವಿದ್ಯಾಲಯ

ಗಣೇಶಖಿಂಡಿಯಲ್ಲಿ 400 ಎಕರೆಗೂ ಮಿಗಿಲಾದ ವಿಸ್ತಾರದಲ್ಲಿರುವ ನಮ್ಮ ವಿಶ್ವವಿದ್ಯಾಲಯವು 1949ರಲ್ಲಿ ಸ್ಥಾಪಿತವಾಯಿತು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಅದೇ ವರ್ಷದ್ದು. ಇವೆರಡೂ ಒಂದು ರೀತಿಯಲ್ಲಿ ಒಡಹುಟ್ಟಿದವು. 1848ರಲ್ಲಿ ಈ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯವರ ಹೆಸರನ್ನು ಪುಣೆ ವಿಶ್ವವಿದ್ಯಾಲಯಕ್ಕೆ 2014ರಲ್ಲಿ ಇಡಲಾಯಿತು.

ಇಷ್ಟು ದೊಡ್ಡ ಸಂಸ್ಥೆಯೆಂದರೆ ಹೊಸ ವಿದ್ಯಾರ್ಥಿಗೆ ದಿಗಿಲಾಗುವುದು ಸಹಜ. ಆದರೆ ಬಿ.ಎಸ್ಸಿ. ವಿದ್ಯಾರ್ಥಿಯ ನಿತ್ಯದ ಬಾಳು ಬಹುಮಟ್ಟಿಗೆ ತನ್ನ ಕಾಲೇಜಿನಲ್ಲಿಯೇ ಕಳೆಯುವುದು. ಕಾಲೇಜನ್ನು ಆರಿಸುವಾಗ ಒಂದು ಎಚ್ಚರಿಕೆ ಅಗತ್ಯ. ಜೀವರಸಾಯನವು ಎಲ್ಲ ಕಾಲೇಜುಗಳಲ್ಲಿಯೂ ಪ್ರತ್ಯೇಕ ವಿಷಯವಾಗಿ ದೊರೆಯದು. ಅನೇಕ ಕಡೆ ರಸಾಯನ, ಸೂಕ್ಷ್ಮಜೀವಿ ಶಾಸ್ತ್ರ, ಜೈವಿಕ ತಂತ್ರಜ್ಞಾನ ಇವುಗಳ ಒಂದು ಭಾಗವಾಗಿ ಅದನ್ನು ಕಲಿಸುವರು. ಮೊದಲ ವರ್ಷದಲ್ಲಿ ಹಲವು ವಿಜ್ಞಾನಗಳನ್ನು ಓದಬೇಕು. ಕೊನೆಗೆ ಒಂದೇ ಮುಖ್ಯ ವಿಷಯದಲ್ಲಿ ಆಳಕ್ಕೆ ಇಳಿಯಬೇಕು. ಆದುದರಿಂದ ಪ್ರವೇಶಕ್ಕೆ ಮುನ್ನ, ಕೊನೆಯ ವರ್ಷದಲ್ಲಿ ಆ ಕಾಲೇಜು ಯಾವ ವಿಷಯವನ್ನು ಕಲಿಸುವುದೆಂದು ವಿಚಾರಿಸತಕ್ಕದ್ದು. ಇದನ್ನು ಕೇಳದೆ ಸೇರಿ ಆಮೇಲೆ ಪರಿತಪಿಸಿದವರನ್ನು ನಾವು ಕಂಡಿದ್ದೇವೆ.

ಮೂರು ಭಾಷೆಗಳ ನಡುವೆ

ಮೊದಲ ದಿನಗಳಲ್ಲಿ ನಮ್ಮನ್ನು ಕಾಡಿದುದು ಶಾಸ್ತ್ರವಲ್ಲ, ಭಾಷೆ. ಅಧ್ಯಾಪಕರು ‘ಎನ್‌ಝೈಮ್’ ಎಂದಾಗ ನಾವು ಬಾಯಿ ಬಿಟ್ಟುಕೊಂಡು ಕುಳಿತೆವು. ನಮ್ಮ ಶಾಲೆಯಲ್ಲಿ ‘ಕಿಣ್ವ’ವೆಂದು ಕಲಿತ ವಸ್ತುವೇ ಅದು ಎಂದು ತಿಳಿಯಲು ಒಂದು ವಾರ ಹಿಡಿಯಿತು. ಪಕ್ಕದ ಮರಾಠಿ ಗೆಳೆಯರು ಅದನ್ನೇ ‘ವಿಕರ’ವೆಂದು ಕಲಿತಿದ್ದರು; ನಮ್ಮ ಪ್ರೋಟೀನು ಅವರಿಗೆ ‘ಪ್ರಥಿನ’, ನಮ್ಮ ಜೀವಕೋಶವು ಅವರಿಗೆ ‘ಪೇಶಿ’. ಅವರ ಕಷ್ಟವೂ ನಮ್ಮದರಂತೆಯೇ ಇದೆಯೆಂದು ಕಂಡಾಗ ನಮಗೆ ಅರ್ಧ ಧೈರ್ಯ ಬಂದಿತು.

ಆಗ ನಾವು ಒಂದು ವಹಿಯಲ್ಲಿ ಮೂರು ಕಾಲಮುಗಳನ್ನು ಗೆರೆಯೆಳೆದುಕೊಂಡೆವು. ಮೊದಲನೆಯದರಲ್ಲಿ ಇಂಗ್ಲಿಷ್ ಶಬ್ದ, ಎರಡನೆಯದರಲ್ಲಿ ಕನ್ನಡ ಶಬ್ದ, ಮೂರನೆಯದರಲ್ಲಿ ನಮ್ಮ ಸ್ವಂತ ಮಾತಿನಲ್ಲಿ ಅರ್ಥ. ದಿನಕ್ಕೆ 10 ಶಬ್ದಗಳು; ಹೆಚ್ಚಿಲ್ಲ. ಮೂರನೆಯ ಕಾಲಮನ್ನು ತುಂಬಲಾಗದ ಶಬ್ದವು ನಮಗೆ ತಿಳಿದಿಲ್ಲವೆಂದೇ ಲೆಕ್ಕ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವರಲ್ಲಿಯೂ ಅನೇಕರಿಗೆ ಆ ಕಾಲಮು ಖಾಲಿಯೇ ಉಳಿಯುತ್ತಿತ್ತು. ಹೀಗೆ ಹುಡುಕುವಾಗ ಒಂದು ಸೋಜಿಗವೂ ತಿಳಿಯಿತು. ‘ಎನ್‌ಝೈಮ್’ ಎಂಬುದು ‘ಹುದುಗಿನ ಒಳಗಿನದು’ ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದುದು. ನಮ್ಮ ‘ಕಿಣ್ವ’ಕ್ಕೂ ಸಂಸ್ಕೃತದಲ್ಲಿ ಮದ್ಯವನ್ನು ಹುಳಿಸಲು ಹಾಕುವ ಹುದುಗೆಂದೇ ಅರ್ಥ. ದೂರದೂರದ ಎರಡು ಭಾಷೆಗಳ ಶಬ್ದಗಳು ಒಂದೇ ಮಡಕೆಯಿಂದ ಎದ್ದುಬಂದಿವೆ. ಇದು ಗೊತ್ತಾದ ಮೇಲೆ ಇಂಗ್ಲಿಷ್ ಶಬ್ದವು ನಮಗೆ ಪರಕೀಯವಾಗಿ ತೋರಲಿಲ್ಲ. ಆರು ತಿಂಗಳಲ್ಲಿ ಪಾಠಗಳು ಸುಲಭವಾಗಿ ತಿಳಿಯತೊಡಗಿದವು.

ಪ್ರಯೋಗಶಾಲೆಯ ಒಂದು ಪಾಠ

ನಮ್ಮದೇ ಒಂದು ತಪ್ಪನ್ನು ಇಲ್ಲಿ ಮುಚ್ಚಿಡದೆ ಹೇಳುತ್ತೇವೆ. ಜೊಲ್ಲಿನ ಕಿಣ್ವವು ಪಿಷ್ಟವನ್ನು ಎಷ್ಟು ಹೊತ್ತಿನಲ್ಲಿ ಒಡೆಯುವುದೆಂದು ಅಳೆಯುವ ಪ್ರಯೋಗ ನಡೆದಿತ್ತು. ಪಿಷ್ಟಕ್ಕೆ ಅಯೊಡಿನ್ ಸೇರಿದರೆ ಕಡುನೀಲಿ ಬಣ್ಣ ಬರುವುದು. ಪಿಷ್ಟವೆಲ್ಲ ಒಡೆದುಹೋದಾಗ ನೀಲಿಯು ಬಾರದು. ಗಾಜಿನ ನಳಿಕೆಯನ್ನು 37 ಡಿಗ್ರಿ ಸೆಲ್ಸಿಯಸ್ಸಿನ ನೀರಿನಲ್ಲಿ ಇಡಬೇಕಾಗಿತ್ತು. ಬಿಸಿ ಹೆಚ್ಚಿದಷ್ಟೂ ಕ್ರಿಯೆ ಬೇಗ ಮುಗಿಯುವುದೆಂದು ತಿಳಿದು ನಾವು ಉರಿಯನ್ನು ಏರಿಸಿದೆವು. ನೀರಿನ ಬಿಸಿ 70 ಡಿಗ್ರಿಯನ್ನು ದಾಟಿತು. ಎಲ್ಲರ ನೀಲಿಯೂ 6 ನಿಮಿಷಗಳಲ್ಲಿ ಮಾಯವಾಯಿತು; ನಮ್ಮದು ಅರ್ಧ ಗಂಟೆಯಾದರೂ ಹೋಗಲಿಲ್ಲ. ಹೊತ್ತು ಮೀರುತ್ತಿತ್ತು. ಪಕ್ಕದವರ ಜರ್ನಲನ್ನು ನೋಡಿ ನಾವೂ ‘6 ನಿಮಿಷ’ವೆಂದು ಬರೆದುಬಿಟ್ಟೆವು.

ಅಧ್ಯಾಪಕರು ಬಂದು ಜರ್ನಲನ್ನು ಓದಿದರು. ಆಮೇಲೆ ಬಿಳಿಯ ಬಿಲ್ಲೆಯ ಮೇಲೆ ಸಾಲಾಗಿ ನಿಂತ ನೀಲಿ ಹನಿಗಳನ್ನು ನೋಡಿದರು. “ಈ ಹನಿಗಳು ಹೇಳುವುದನ್ನು ಏಕೆ ಬರೆಯಲಿಲ್ಲ?” ಎಂದು ಕೇಳಿದರು. ನಮಗೆ ತಲೆಯೆತ್ತಲಾಗಲಿಲ್ಲ. ಅವರು ಬೈಯಲಿಲ್ಲ. ಕಂಡುದನ್ನೇ ಬರೆದು, ಹಾಗೇಕೆ ಆಯಿತೆಂದು ಮರುದಿನ ಬಂದು ಹೇಳಬೇಕೆಂದರು.

ಆ ರಾತ್ರಿ ಪುಸ್ತಕಗಳನ್ನು ತಿರುವಿದಾಗ ಕಾರಣ ತಿಳಿಯಿತು. ಕಿಣ್ವವು ಪ್ರೋಟೀನು. ಪ್ರೋಟೀನಿನ ಉದ್ದವಾದ ಎಳೆಯು ಒಂದು ಗೊತ್ತಾದ ಆಕಾರದಲ್ಲಿ ಮಡಿಚಿಕೊಂಡಿರುವುದು. ಆ ಆಕಾರದಲ್ಲಿಯೇ ಅದರ ಶಕ್ತಿ ಇದೆ. ಬೇಯಿಸಿದ ಮೊಟ್ಟೆಯ ಬಿಳಿಯ ಭಾಗವು ಗಟ್ಟಿಯಾಗಿ ಮತ್ತೆ ಮೊದಲಿನಂತೆ ಆಗದಿರುವ ಹಾಗೆ, ಅತಿಯಾದ ಬಿಸಿಯಿಂದ ಕಿಣ್ವದ ಆಕಾರವೂ ಕೆಡುವುದು. ಕೀಲಿಕೈ ಕರಗಿದ ಮೇಲೆ ಕೀಲಿ ತೆರೆಯುವುದೆಂತು? ಸಮ್ನರನು 9 ವರ್ಷ ದುಡಿದು ಸ್ಥಾಪಿಸಿದ ಸತ್ಯವು ನಮ್ಮ ನಳಿಕೆಯಲ್ಲಿಯೇ ನಿಂತಿತ್ತು. ನಾವು ಅದರ ಮೇಲೆ ಸುಳ್ಳು ಬರೆದು ಹೊರಟಿದ್ದೆವು. ಸುಳ್ಳು ನಿಂತಿದ್ದರೆ ಗುಣಗಳು ಸಿಗುತ್ತಿದ್ದವು, ತಿಳಿವು ಸಿಗುತ್ತಿರಲಿಲ್ಲ.

ಮನೆಯಲ್ಲಿ ಮಾಡಿ ನೋಡಿರಿ

ಈ ಪ್ರಯೋಗವನ್ನು ಹಿರಿಯರ ಅನುಮತಿ ಪಡೆದು ನೀವೂ ಮಾಡಬಹುದು. ಅನ್ನ ಬಸಿದ ಗಂಜಿ ಒಂದು ಚಮಚಕ್ಕೆ 10 ಚಮಚ ನೀರು ಬೆರೆಸಿ ಮೂರು ಬಟ್ಟಲುಗಳಲ್ಲಿ ಸಮನಾಗಿ ಹಾಕಿರಿ. ಗಂಜಿಯು ಆರಿರಬೇಕು. ಮೊದಲನೆಯದಕ್ಕೆ ಒಂದು ಚಮಚ ಜೊಲ್ಲು, ಎರಡನೆಯದಕ್ಕೆ ಕುದಿಸಿ ಆರಿಸಿದ ಜೊಲ್ಲು ಒಂದು ಚಮಚ, ಮೂರನೆಯದಕ್ಕೆ ಬರಿಯ ನೀರು ಒಂದು ಚಮಚ ಹಾಕಿ ಕಲಕಿರಿ. ಅರ್ಧ ಗಂಟೆಯ ಮೇಲೆ ಒಂದೊಂದಕ್ಕೂ ಔಷಧದ ಅಂಗಡಿಯ ಅಯೊಡಿನ್ ದ್ರಾವಣದ ಒಂದು ಹನಿ ಹಾಕಿ ಬಣ್ಣವನ್ನು ನೋಡಿರಿ. ಮೂರನೆಯ ಬಟ್ಟಲು ಏತಕ್ಕೆಂದು ಕೇಳುವಿರಾ? ನೀಲಿಯು ಹೋದುದು ಜೊಲ್ಲಿನಿಂದಲೋ ಬರಿಯ ನೀರು ಬೆರೆತುದರಿಂದಲೋ ಎಂಬ ಸಂಶಯವನ್ನು ಅದು ನಿವಾರಿಸುವುದು. ಹೋಲಿಸಿ ನೋಡಲು ಹೀಗೊಂದು ಬಟ್ಟಲಿಲ್ಲದ ಪ್ರಯೋಗವು ಸಾಕ್ಷಿಯಿಲ್ಲದ ಮಾತಿನಂತೆ. ಆಮೇಲೆ ಬಟ್ಟಲುಗಳನ್ನು ಚೆನ್ನಾಗಿ ತೊಳೆಯತಕ್ಕದ್ದು. ಅದರಲ್ಲಿದ್ದುದನ್ನು ಯಾರೂ ಕುಡಿಯಕೂಡದು.

ಗಣಿತವನ್ನು ಬಿಡಬೇಡಿರಿ

ಗಣಿತಕ್ಕೆ ಅಂಜಿ ಜೀವರಸಾಯನವನ್ನು ಆರಿಸುವವರುಂಟು. ಇದು ತಪ್ಪು ಎಣಿಕೆ. ದ್ರಾವಣಗಳ ಲೆಕ್ಕವಿಲ್ಲದೆ ಇಲ್ಲಿ ಒಂದು ದಿನವೂ ಸಾಗದು. ಗ್ಲೂಕೋಸಿನ ಅಣುಭಾರ 180. ಆದುದರಿಂದ ಒಂದು ಲೀಟರಿನಲ್ಲಿ 180 ಗ್ರಾಂ ಇದ್ದರೆ ಅದು ಒಂದು ಮೋಲಾರ್ ದ್ರಾವಣ. ಇದರ ಹತ್ತನೆಯ ಒಂದು ಪಾಲು ಪ್ರಬಲತೆಯ ದ್ರಾವಣವು 100 ಮಿಲಿಲೀಟರ್ ಬೇಕಾದರೆ ತೂಗಬೇಕಾದ ಗ್ಲೂಕೋಸ್ ಎಷ್ಟು? ಲೀಟರಿಗೆ 18 ಗ್ರಾಂ. 100 ಮಿಲಿಲೀಟರಿಗೆ 1.8 ಗ್ರಾಂ. ಒಂದು ದ್ರಾವಣವನ್ನು 10 ಪಟ್ಟು ತೆಳುಮಾಡಲು ಅದರ 1 ಭಾಗಕ್ಕೆ ನೀರು 9 ಭಾಗ ಸೇರಿಸಬೇಕು, 10 ಭಾಗವಲ್ಲ. ಈ ಚಿಕ್ಕ ತಪ್ಪಿನಿಂದ ಇಡೀ ದಿನದ ಕೆಲಸ ಕೆಟ್ಟುದನ್ನು ನಾವು ಬಲ್ಲೆವು.

ಪುಣೆಯೂ ಕನ್ನಡನಾಡೂ

ಈ ಶಾಸ್ತ್ರಕ್ಕೆ ಪುಣೆಯು ತಕ್ಕ ಸ್ಥಳ. 1950ರಲ್ಲಿ ಆರಂಭವಾದ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯು ಇಲ್ಲಿದೆ. ಪಿಂಪ್ರಿಯ ಹಿಂದುಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯಲ್ಲಿ 1955ರಲ್ಲಿ ಪೆನಿಸಿಲಿನ್ ತಯಾರಿಕೆ ಮೊದಲಾಯಿತು. ಅಲ್ಲಿ ಸಂಶೋಧನ ವಿಭಾಗವನ್ನು ನಡೆಸಿದ ಎಂ. ಜೆ. ತಿರುಮಲಾಚಾರ್ ಅವರು ಮೈಸೂರಿನಲ್ಲಿ ಜನಿಸಿದವರು. ಬೂಷ್ಟಿನಿಂದ ಬರುವ ರೋಗಗಳಿಗೆ ಮದ್ದಾದ ಹ್ಯಾಮೈಸಿನ್ ಅವರ ಶೋಧ. ಅದನ್ನು ಕೊಡುವ ಸೂಕ್ಷ್ಮಜೀವಿಗೆ ಪಿಂಪ್ರಿಯ ನೆನಪಿಗಾಗಿ ‘ಪಿಂಪ್ರಿನ’ ಎಂದೇ ಹೆಸರು. 1967ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ದೊರೆಯಿತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ ಜನರಿಗೂ ಜ್ವರ ಹಬ್ಬಿದಾಗ, ಅದರ ವೈರಸ್ಸನ್ನು ಗುರುತಿಸಿದವರು ಪುಣೆಯ ವೈರಸ್ ಸಂಶೋಧನ ಕೇಂದ್ರದವರೇ.

ವಿದ್ಯಾರ್ಥಿನಿಯರು ಕಮಲಾ ಸೊಹೋನಿಯವರ ಹೆಸರನ್ನು ಮರೆಯಬಾರದು. ಕಮಲಾ ಭಾಗವತರಾಗಿದ್ದ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣದಿಂದ ನಿರ್ದೇಶಕರಾದ ಸಿ. ವಿ. ರಾಮನ್ನರು ಒಪ್ಪಲಿಲ್ಲ. ಅವರು ಹಿಂದೆಗೆಯದೆ ವಾದಿಸಿ, ಒಂದು ವರ್ಷದ ಪರೀಕ್ಷೆಯ ಮೇಲೆ ಪ್ರವೇಶ ಪಡೆದರು. ಹಾಲಿನ ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ದುಡಿದರು. ಅವರ ಕೆಲಸವನ್ನು ಕಂಡ ಮೇಲೆ ಆ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. 1939ರಲ್ಲಿ ಅವರು ಕೇಂಬ್ರಿಜ್ಜಿನಿಂದ ಡಾಕ್ಟರ್ ಪದವಿಯನ್ನು ಪಡೆದರು.

ಕೊನೆಯದಾಗಿ ಒಂದು ಮಾತು. ಬಿ.ಎಸ್ಸಿ. ಒಂದರಿಂದಲೇ ಯಾರೂ ಸಂಶೋಧಕರಾಗರು. ಮುಂದೆ ಎಂ.ಎಸ್ಸಿ., ಬಳಿಕ ಹಲವು ವರ್ಷಗಳ ಸಂಶೋಧನೆ ಬೇಕು, ದಾರಿ ದೀರ್ಘವಾದುದು. ಆದರೆ ಆ ದಾರಿಯ ಮೊದಲ ಹೆಜ್ಜೆಗೆ ಬೇಕಾದುವು ಮೂರೇ: ಕಂಡುದನ್ನು ಕಂಡಂತೆ ಬರೆಯುವ ನೇರ, ತಿಳಿಯದ ಶಬ್ದವನ್ನು ಬಿಡದೆ ಹಿಡಿಯುವ ಛಲ, ಲೆಕ್ಕದಲ್ಲಿ ಶ್ರದ್ಧೆ. ಈ ಮೂರನ್ನೂ ನಮ್ಮ ಶಾಲೆಯು ನಮಗೆ ಕನ್ನಡದಲ್ಲಿಯೇ ಕಲಿಸಲು ಯತ್ನಿಸಿತ್ತು. ನಾವು ತಡವಾಗಿ ಕಲಿತೆವು. ನಿಮಗೆ ಆ ತಡವಾಗದಿರಲಿ ಎಂದು ಹಾರೈಸುತ್ತೇವೆ.