ಹವ್ಯಾಸಿ ರೇಡಿಯೋ: ಬೆಸುಗೆ ಮತ್ತು ಗಣಿತ

ಮಾತನ್ನು ಕಳುಹಿಸಿ ಕೇಳುವ ಹವ್ಯಾಸಿ ರೇಡಿಯೋ ಯಂತ್ರಗಳು ದ್ವಿವಿಧವಾಗಿವೆ. ಸಾಂಪ್ರದಾಯಿಕ ಯಂತ್ರದಲ್ಲಿ ಹಲವು ಅಲೆಗಳ ನಡುವಿನಿಂದ ಬೇಕಾದುದನ್ನು ಸುರುಳಿಗಳೂ ಹರಳುಗಳೂ ಸೋಸುತ್ತವೆ. ತಂತ್ರಾಂಶಾಧಾರಿತ ಯಂತ್ರದಲ್ಲಿ ಅಲೆಯು ಅಂಕಿಗಳಾಗಿ ಪರಿವರ್ತಿತವಾಗಿ, ಗಣಿತವೇ ಸೋಸುತ್ತದೆ. ಮೊದಲನೆಯದನ್ನು ತಿದ್ದಲು ಬೆಸುಗೆ ಬೇಕು. ಎರಡನೆಯದನ್ನು ಬಹುಮಟ್ಟಿಗೆ ತಂತ್ರಾಂಶ ಬದಲಿಸಿಯೇ ತಿದ್ದಬಹುದು.

ಬೀದರಿಗೆ ನೆರೆಯ ಹೈದರಾಬಾದಿನ ಶ್ರೀ ಅಶ್ಹರ್ ಫರ್ಹಾನ್ ಅವರು ರೂಪಿಸಿದ ‘ಬಿಟ್‌ಎಕ್ಸ್’ ಮೊದಲ ಬಗೆಯದು: 14 ಮೆಗಾಹರ್ಟ್ಸ್, 6 ವಾಟ್; ಸಾಮಾನ್ಯ ಬಿಡಿಭಾಗಗಳಿಂದ ಕೈಯಾರೆ ಕಟ್ಟುವಂಥದು. ಅವರದೇ ‘ಎಸ್‌ಬಿಟ್‌ಎಕ್ಸ್’ನಲ್ಲಿ ಹರಳಿನ ಸೋಸುವಿಕೆಯೂ ಗಣಕದ ಲೆಕ್ಕವೂ ಕೂಡಿವೆ. ಆದುದರಿಂದ ಹಳೆಯದನ್ನು ಅರಿಯದೆ ಹೊಸದು ಪೂರ್ಣವಾಗಿ ತಿಳಿಯದು.

ಬಿದ್ರಿ ಕುಸುರಿಯ ಈ ನಾಡಿನಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಭಾಲ್ಕಿ, ಔರಾದಿನ ಮಕ್ಕಳಿಗೆ ದಾನಿಗಳು ಸಿದ್ಧಯಂತ್ರಕ್ಕಿಂತ ಮೊದಲು ಬೆಸುಗೆಯ ಮೇಜನ್ನು ಒದಗಿಸಲಿ. ಮಾತು ಕಳುಹಿಸಲು ಬೇಕಾದ ಕೇಂದ್ರ ಸರ್ಕಾರದ ಪರವಾನಗಿ ಪರೀಕ್ಷೆಗೆ ಅಧ್ಯಾಪಕರು ಅವರನ್ನು ಅಣಿಗೊಳಿಸಲಿ.