ಹಳೇ ಕೋಲ್ಡ್ ರೂಮಿಗೆ ಹೊಸ ಗ್ಯಾಸ್: ತುಂಬಿಸುವ ಮೊದಲು ಇಷ್ಟು ನೋಡಿ

ಹೋದ ಬೇಸಿಗೆಯಲ್ಲಿ ಒಂದು ಮುಂಜಾನೆ ನಮ್ಮ ಕೋಲ್ಡ್ ರೂಮಿನ ಥರ್ಮಾಮೀಟರ್ 6 ಡಿಗ್ರಿ ತೋರಿಸಬೇಕಾದಲ್ಲಿ 13 ತೋರಿಸುತ್ತಿತ್ತು. ಒಳಗೆ ನಮ್ಮದೂ, ಓಣಿಯ ಇನ್ನೂ ಮೂರು ಮನೆಯವರದೂ ಮೆಣಸಿನಕಾಯಿ ಚೀಲ. ಬ್ಯಾಡಗಿ ಕಾಯಿಗೆ ರೇಟು ಬರೋದು ಬಣ್ಣಕ್ಕೆ. ಸೆಕೆಯಲ್ಲಿ ಬಣ್ಣ ಇಳಿದರೆ ಕಾದು ಕೂತದ್ದೆಲ್ಲ ದಂಡ. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ಏನಾಯಿತು ಅಂತ ನಿಮಗೂ ಗೊತ್ತು. ಅದಾದ ಮೇಲೇ ನಾವು ಸೆಕೆಂಡ್ ಹ್ಯಾಂಡ್ ಮಷಿನ್ ತಂದು ಈ ಸಣ್ಣ ರೂಮ್ ಮಾಡಿದ್ದು. ಅದರ ಪ್ಲೇಟಿನ ಮೇಲೆ ಬರೆದಿದ್ದ ಗ್ಯಾಸ್ ಆರ್-22.

ಕರೆಸಿದ ಮೆಕ್ಯಾನಿಕ್ ಗೇಜ್ ಹಚ್ಚಿ ನೋಡಿ, "ಗ್ಯಾಸ್ ಹೋಗೈತ್ರಿ. ಆರ್-22 ಈಗ ತುಟ್ಟಿ. ಇದನ್ನ ಹಾಕ್ತೀನಿ, ಅರ್ಧಾ ತೂಕ ಸಾಕು, ಭಾಳ ಛಲೋ ತಂಪ್ ಆಗ್ತೈತಿ" ಅಂದ. ಕೈಯಲ್ಲಿದ್ದದ್ದು ಆರ್-290, ಅಂದರೆ ಪ್ರೊಪೇನ್. ನಮ್ಮ ಅಡುಗೆ ಗ್ಯಾಸಿನಲ್ಲಿ ಇರೋದೇ ಅದು. ದೊಡ್ಡ ಕೋಲ್ಡ್ ಸ್ಟೋರೇಜಿನಲ್ಲಿ ಆಪರೇಟರ್ ಆಗಿರುವ ಸೋದರಮಾವನಿಗೆ ಫೋನ್ ಮಾಡಿದೆ. "ಅಳಿಯಾ, ಅದನ್ನ ಮಷಿನ್‌ಗೆ ಮುಟ್ಟಸಬ್ಯಾಡ. ಮೊದಲ ಎಲ್ಲಿ ಸೋರಾಕತ್ತೈತಿ ಹುಡುಕ್ರಿ" ಅಂದರು.

ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಪ್ರೊಪೇನ್ ಚೆನ್ನಾಗಿಯೇ ತಂಪು ಕೊಡುತ್ತದೆ. ಅದಕ್ಕಂತಲೇ ತಯಾರಾದ ಮಷಿನ್‌ಗಳೂ ಇವೆ. ಆದರೆ ಆರ್-22ಕ್ಕೆ ಮಾಡಿದ ಮಷಿನ್‌ನಲ್ಲಿ ಕಿಡಿ ಹಾರುವ ಕಾಂಟ್ಯಾಕ್ಟರ್, ಥರ್ಮೋಸ್ಟ್ಯಾಟ್ ಎಲ್ಲ ತೆರೆದೇ ಇರುತ್ತವೆ. ಗಾಳಿಯ ಒಂದು ಘನ ಮೀಟರಿಗೆ ಸುಮಾರು 38 ಗ್ರಾಂ ಪ್ರೊಪೇನ್ ಸೇರಿದರೆ ಬೆಂಕಿ ಹತ್ತುತ್ತದೆ. ಅದು ಗಾಳಿಗಿಂತ ಭಾರ, ಮುಚ್ಚಿದ ರೂಮಿನ ನೆಲದಲ್ಲಿ ಹರಡಿ ನಿಲ್ಲುತ್ತದೆ. ಸುತ್ತ ಒಣ ಮೆಣಸಿನಕಾಯಿ, ಗೋಣಿಚೀಲ. ಇನ್ನು ಮಾವನ ಕೋಲ್ಡ್ ಸ್ಟೋರೇಜಿನಲ್ಲಿ ಓಡುವ ಅಮೋನಿಯಾ ನಮಗೆ ಆಗೋದೇ ಇಲ್ಲ, ಅದು ತಾಮ್ರದ ಪೈಪನ್ನು ತಿನ್ನುತ್ತದೆ.

ಆರ್-22 ಯಾಕೆ ತುಟ್ಟಿ ಆಯ್ತು? ಅದು ಓಝೋನ್ ಪದರ ಹಾಳು ಮಾಡುವ ಗ್ಯಾಸ್. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಂದೊಂದೇ ಹಂತದಲ್ಲಿ ಕಡಿಮೆ ಮಾಡುತ್ತಿದ್ದಾರೆ. ನಮ್ಮ ದೇಶದಲ್ಲಿ ಹೊಸ ಮಷಿನ್‌ಗೆ ಅದನ್ನು ಹಾಕಿ ತಯಾರಿಸೋದು 2024ರ ಕೊನೆಗೆ ನಿಂತಿದೆ. ಹಳೇ ಮಷಿನ್ ಸರ್ವಿಸಿಗೆ ಇನ್ನೂ ಸಿಗುತ್ತದೆ, ಆದರೆ ವರ್ಷ ವರ್ಷ ಕಡಿಮೆ. ಆದ್ದರಿಂದ ನಿಮ್ಮ ಮಷಿನ್ ಸೋರದೆ ಚೆನ್ನಾಗಿ ಓಡುತ್ತಿದ್ದರೆ ಗ್ಯಾಸ್ ಬದಲಾಯಿಸುವ ಉಸಾಬರಿಗೇ ಹೋಗಬೇಡಿ.

ನಮ್ಮದು ಸೋರಿತ್ತು. ಬೇರೊಬ್ಬ ಮೆಕ್ಯಾನಿಕ್ ಬಂದು ನೈಟ್ರೋಜನ್ ತುಂಬಿಸಿ, ಸೋಪಿನ ನೊರೆ ಹಚ್ಚಿದಾಗ ಒಂದು ಫ್ಲೇರ್ ನಟ್ ಹತ್ತಿರ ಗುಳ್ಳೆ ಬಂತು. (ಈ ಪರೀಕ್ಷೆಗೆ ಆಕ್ಸಿಜನ್ ಬೇಡವೇ ಬೇಡ, ಒಳಗಿನ ಆಯಿಲ್ ಜೊತೆ ಸೇರಿ ಸ್ಫೋಟ ಆಗುತ್ತದೆ.) ಗ್ಯಾಸ್ ಬಹುಪಾಲು ಹೋಗಿದ್ದರಿಂದ ಬದಲಾಯಿಸೋದೇ ಸರಿ ಅನ್ನಿಸಿತು. ಆಯ್ಕೆ ಎರಡಿತ್ತು. ಆರ್-404ಎ ಎಲ್ಲೆಡೆ ಸಿಗುತ್ತದೆ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಒಂದು ಕಿಲೋ ಅದು ಸುಮಾರು 3,900 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಮುಂದಿನ ಕಡಿತದ ಪಾಳಿ ಇಂಥವಕ್ಕೇ: ಕಿಗಾಲಿ ತಿದ್ದುಪಡಿಯಂತೆ ಭಾರತಕ್ಕೆ 2028ರಿಂದ ಮಿತಿ ಶುರು. ಆರ್-407ಸಿ ಅದರ ಅರ್ಧಕ್ಕಿಂತ ಕಡಿಮೆ, ಒತ್ತಡವೂ ಆರ್-22ಕ್ಕೆ ಹತ್ತಿರ. ಅದೂ ಶಾಶ್ವತ ಅಲ್ಲ, ಆದರೆ ಈ ಮಷಿನ್ ಬಾಳುವಷ್ಟು ದಿನಕ್ಕೆ ಸಾಕು. 5–8 ಡಿಗ್ರಿಯ ಮೆಣಸಿನಕಾಯಿ ರೂಮಿಗೆ ಹೊಂದುತ್ತದೆ. ಮೈನಸ್ 20ರ ಫ್ರೀಜರಿಗೆ ಇದನ್ನು ಹಾಕಬೇಡಿ.

ಇಲ್ಲಿಂದ ಮುಂದೆ ಅವಸರ ಮಾಡುವಂತಿಲ್ಲ. ಉಳಿದ ಹಳೇ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಹಳೇ ಮಿನರಲ್ ಆಯಿಲ್ ಹೊಸ ಗ್ಯಾಸಿನೊಂದಿಗೆ ಬೆರೆಯೋದಿಲ್ಲ, ಹೋದ ಆಯಿಲ್ ಕಂಪ್ರೆಸರಿಗೆ ವಾಪಸ್ ಬರದೆ ಅದು ಸುಡುತ್ತದೆ. ಅದಕ್ಕೆ ಪಿಒಇ ಆಯಿಲ್ ಬೇಕು. ಒಂದು ಸಲ ಬದಲಾಯಿಸಿದರೆ ಸಾಲದು. ಹಾಕಿ, ಓಡಿಸಿ, ತೆಗೆದು, ಹಳೆಯದು ನೂರಕ್ಕೆ ಐದಕ್ಕಿಂತ ಕಡಿಮೆ ಆಗುವತನಕ ಮಾಡಬೇಕು. ನಮಗೆ ಮೂರು ಸಲ ಆಯ್ತು. ಪಿಒಇ ಗಾಳಿಯ ತೇವ ಹೀರುತ್ತದೆ, ಡಬ್ಬಿ ತೆರೆದಿಟ್ಟು ಚಾ ಕುಡಿಯಲು ಹೋಗಬೇಡಿ. ಫಿಲ್ಟರ್ ಡ್ರೈಯರ್ ಹೊಸದು ಹಾಕಿ. ರಬ್ಬರ್ ರಿಂಗ್, ಗ್ಯಾಸ್ಕೆಟ್‌ಗಳನ್ನೂ ಬಿಡಬೇಡಿ: ಆರ್-22ರಲ್ಲಿ ಉಬ್ಬಿ ಕೂತಿದ್ದ ರಬ್ಬರ್ ಗ್ಯಾಸ್ ಬದಲಾದ ಕೂಡಲೇ ಕುಗ್ಗಿ, ವಾರದೊಳಗೆ ಹೊಸ ಸೋರಿಕೆ ಶುರುವಾಗುತ್ತದೆ.

ಆಮೇಲೆ 500 ಮೈಕ್ರಾನ್‌ಗಿಂತ ಕೆಳಗೆ ವ್ಯಾಕ್ಯೂಮ್. "ಅರ್ಧಾ ತಾಸು ಪಂಪ್ ಓಡಿಸೀನಿ" ಅನ್ನೋ ಮಾತು ನಂಬಬೇಡಿ, ಮೀಟರ್ ತೋರಿಸಿ ಅನ್ನಿ. 407ಸಿ ಮೂರು ಗ್ಯಾಸುಗಳ ಮಿಶ್ರಣ, ಆದ್ದರಿಂದ ಸಿಲಿಂಡರಿನಿಂದ ದ್ರವ ರೂಪದಲ್ಲೇ ತುಂಬಬೇಕು. ಆವಿಯಾಗಿ ಬಿಟ್ಟರೆ ಪ್ರಮಾಣ ಏರುಪೇರು. ಪ್ಲೇಟಿನ ಮೇಲಿನ ತೂಕದ ನೂರಕ್ಕೆ 85–90ರಷ್ಟು ತಕ್ಕಡಿಯಲ್ಲಿ ತೂಗಿ ಹಾಕಿ, ನಂತರ ಎಕ್ಸ್‌ಪಾನ್ಷನ್ ವಾಲ್ವ್ ಹೊಂದಿಸಿ. ಒತ್ತಡ-ಉಷ್ಣತೆಯ ಚಾರ್ಟ್ ಮೊಬೈಲ್ ಆಪ್‌ನಲ್ಲಿ ಸಿಗುತ್ತದೆ. ಅದರಲ್ಲಿ ಗ್ಯಾಸಿನ ಹೆಸರು ಬದಲಾಯಿಸೋದು ಮರೆತರೆ ಎಲ್ಲ ಲೆಕ್ಕ ತಪ್ಪು.

ನಮ್ಮ ರೂಮ್ ಈಗ 6–7 ಡಿಗ್ರಿಯಲ್ಲಿ ನಿಂತಿದೆ. ಕಂಪ್ರೆಸರ್ ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಓಡುತ್ತದೆ, ಅಷ್ಟು ಬಿಲ್ಲೂ ಜಾಸ್ತಿ. ಪ್ಲೇಟಿನ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಗ್ಯಾಸಿನ ಹೆಸರು, ತೂಕ, ಆಯಿಲ್, ತಾರೀಖು ಬರೆದು ಅಂಟಿಸಿದ್ದೇನೆ. ಮುಂದಿನ ಸಲ ಬರುವ ಮೆಕ್ಯಾನಿಕ್ ಆರ್-22 ಅಂತ ತಿಳಿದು ಮೇಲಿಂದ ಅದನ್ನೇ ತುಂಬಬಾರದಲ್ಲ.